ಕಾಲೇಜಿಗೆ ಬರೆದುಕೊಟ್ಟ ಮೈ

ನನ್ನ ಗಂಡನನ್ನು ಎಲ್ಲಿ ಮಣ್ಣು ಮಾಡಿದಿರಿ ಎಂದು ಕೇಳುವವರು ಈಗಲೂ ಸಿಗುತ್ತಾರೆ. ಹೆಚ್ಚಾಗಿ ಬಸ್ಸಿನಲ್ಲಿ, ಇಲ್ಲವೇ ಮೀನು ತೆಗೆದುಕೊಳ್ಳುವಲ್ಲಿ. ನಾನು ಸ್ವರ ತಗ್ಗಿಸದೆ, "ಮಣ್ಣು ಮಾಡಲಿಲ್ಲ, ಕಾಲೇಜಿಗೆ ಸೇರಿಸಿದೆ" ಎನ್ನುತ್ತೇನೆ. ಕೇಳಿದವರ ಮುಖ ನೋಡಬೇಕು. ಕೆಲವರು ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ, ಕೆಲವರು ಬಂಗುಡೆಯ ರೇಟು ಕೇಳಲು ಆ ಕಡೆ ತಿರುಗುತ್ತಾರೆ. ಗಂಡ ಹೋದ ಮೇಲೆ ಈ ಹೆಂಗಸಿಗೆ ತಲೆ ಸರಿ ಇಲ್ಲ ಎಂದು ಹಿಂದಿನಿಂದ ಹೇಳುವವರೂ ಇದ್ದಾರಂತೆ. ಹೇಳಲಿ. ನನ್ನ ತಲೆ ಸರಿ ಉಂಟು. ಅದನ್ನೂ ಅದೇ ಕಾಲೇಜಿಗೆ ಬರೆದುಕೊಟ್ಟಾಗಿದೆ.

ನಾವಿಬ್ಬರೂ ಓದಿದ್ದು ಈ ಊರಿನ ಒಂದೇ ಮೆಡಿಕಲ್ ಕಾಲೇಜಿನಲ್ಲಿ. ಡಾಕ್ಟರಾಗಲಿಕ್ಕಲ್ಲ. ನಾನು ನರ್ಸಿಂಗ್, ಅವರು ಲ್ಯಾಬ್ ಟೆಕ್ನಿಷಿಯನ್ ಕೋರ್ಸು. ಒಮ್ಮೆ ವಾರ್ಡಿಗೆ ರಕ್ತ ತೆಗೆಯಲು ಬಂದವರು ಒಬ್ಬ ಅಜ್ಜಿಯ ಕೈಯಲ್ಲಿ ನರ ಹುಡುಕಿ ಹುಡುಕಿ ಬೆವರಿದರು. ಅಜ್ಜಿ ನನ್ನ ಕಡೆ ನೋಡಿ, "ಇವನಿಗೆ ಕಣ್ಣು ಕಾಣುವುದಿಲ್ಲವಾ ಮಗಾ" ಎಂದು ಕೇಳಿದರು. ನರ ಹುಡುಕಿ ಕೊಟ್ಟವಳು ನಾನು. ಆಮೇಲೆ ಅವರಿಗೆ ನಮ್ಮ ವಾರ್ಡಿನಲ್ಲಿ ಯಾರ ನರವೂ ಸಿಗದೆ ಹೋಯಿತು. ಮದುವೆಯಾಗುವವರೆಗೂ ಅದೇ ಕತೆ. ಮುಂದೆ ಅವರು ಕೆಲವು ವರ್ಷ ಗಲ್ಫಿನ ಆಸ್ಪತ್ರೆಯೊಂದರಲ್ಲಿದ್ದು, ಆಮೇಲೆ ಪಣಂಬೂರಿನ ಒಂದು ಕಾರ್ಖಾನೆಯ ದವಾಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದರು. ನಾನು ಊರು ಬಿಡಲಿಲ್ಲ. ನಮಗೆ ಮಕ್ಕಳಿಲ್ಲ. ಮಣ್ಣಗುಡ್ಡದ ಮನೆಯಲ್ಲಿ ನಾವಿಬ್ಬರು ಮತ್ತು ಅವರ ಅಕ್ಕ.

ಅಕ್ಕನನ್ನು ಇಲ್ಲಿಯೇ ಪರಿಚಯ ಮಾಡಿಸಬೇಕು. ಮದುವೆಯಾಗದೆ, ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ, ತಾಯಿಯಿಲ್ಲದ ತಮ್ಮನನ್ನು ಬೆಳೆಸಿದವರು. ಮನೆ ಅವರ ಹೆಸರಿನಲ್ಲಿದೆ, ಮನೆಯ ಮಾತೂ ಅವರದ್ದೇ. ನಮ್ಮ ಇಗರ್ಜಿಯ, ಎಂದರೆ ಚರ್ಚಿನ, ವಾರ್ಡಿಗೆ ಸೇರಿದ ಯಾರ ಮನೆಯಲ್ಲಿ ಸಾವಾದರೂ ಡಾಕ್ಟರಿಗಿಂತ ಮೊದಲು ಅಕ್ಕನಿಗೆ ಫೋನ್ ಬರುತ್ತದೆ. ತೀರಿಹೋದವರಿಗೆ ಉಡಿಸುವುದು, ತಲೆ ಬಾಚುವುದು, ಬೆರಳುಗಳಿಗೆ ಜಪಸರ ಸುತ್ತುವುದು ಅವರ ಕೆಲಸ. ಯಾರೂ ನೇಮಿಸಿದ್ದಲ್ಲ, ಆದರೆ ಬೇರೆಯವರು ಕೈ ಹಾಕುವ ಹಾಗಿಲ್ಲ.

ನಮ್ಮ ಮನೆಯೊಳಗಿನ ಮಾತು ಕೊಂಕಣಿ. ಕತೆ ಹೇಳುವ ಕನ್ನಡವನ್ನು ನಾನು ಕಲಿತದ್ದು ಅಜ್ಜನಿಂದ; ಅವರು ಅಂಗಳದಲ್ಲಿ ಕೂತು ಪೇಪರನ್ನು ಇಡೀ ಕೇರಿಗೆ ಕೇಳುವಂತೆ ಓದುತ್ತಿದ್ದರು. ಹಾಗಾಗಿ ಅಕ್ಕನ ಬೈಗುಳವನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಕೊಂಕಣಿಯಲ್ಲಿ ಅದು ಇನ್ನೂ ಖಾರ.

ನನ್ನವರು ನಿವೃತ್ತರಾದ ಮೇಲೆ ಒಂದು ವರ್ಷ ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಮಾವೇಶಕ್ಕೆ ನಮ್ಮನ್ನು ಕರೆದದ್ದು ಜೋಡಿ ಎಂದು. ಅಲ್ಲೇ ಓದಿ, ಅಲ್ಲೇ ಪರಿಚಯವಾಗಿ ಮದುವೆಯಾದವರನ್ನೆಲ್ಲ ಎದುರಿನ ಸಾಲಿನಲ್ಲಿ ಕೂರಿಸಿದ್ದರು. ಸಂಘದ ಅಧ್ಯಕ್ಷರು ಮೈಕು ಹಿಡಿದು, "ಮದುವೆ ಮಾಡಿಸಿದವರಿಗೆ ಏನಾದರೂ ಕೊಡುವ ಕ್ರಮ ಉಂಟಲ್ಲ. ನಿಮ್ಮ ಮದುವೆ ಮಾಡಿಸಿದ್ದು ಈ ಕಾಲೇಜು" ಎಂದರು. ಎಲ್ಲರೂ ನಕ್ಕರು. ಈಗಲೇ ಕೊಡಬೇಕೆಂದಿಲ್ಲ, ಕಾಲಾನಂತರ ಸೇರುವಂತೆ ಉಯಿಲಿನಲ್ಲಿ ಬರೆದರೂ ಆಯಿತು ಎಂದು ವಿವರಿಸಿದರು. ಡಾಕ್ಟರ್ ದಂಪತಿಯೊಬ್ಬರು ಕೊಡಿಯಾಲ್‌ಬೈಲಿನ ತಮ್ಮ ಫ್ಲ್ಯಾಟನ್ನು ಬರೆದಿದ್ದರು. ಇನ್ನೊಂದು ಜೋಡಿ ಲೈಬ್ರರಿಗೆ ಇಡುಗಂಟು ಇಟ್ಟಿತ್ತು. ಸಭಾಂಗಣದ ಎಸಿ ಯಾರದ್ದೋ ಇಪ್ಪತ್ತೈದನೆಯ ವಿವಾಹ ವಾರ್ಷಿಕೋತ್ಸವದ ಗುರುತು. ಅದರ ಗಾಳಿಯಲ್ಲಿ ನಾನು ಸೆರಗು ಹೊದ್ದು ಕೂತಿದ್ದೆ. ನಮಗೆ ಬರೆಯಲಿಕ್ಕೆ ಎಂತ ಇತ್ತು? ಇರುವ ಮನೆ ಅಕ್ಕನದ್ದು, ಬರುವ ಪೆನ್ಶನ್ ಮದ್ದಿನ ಅಂಗಡಿಯದ್ದು.

ಆಗ ನನ್ನವರು ಎದ್ದು ನಿಂತರು. "ಅನಾಟಮಿ ವಿಭಾಗದವರಿಗೆ ಎಂತ ಬೇಕು?"

ಹಿಂದಿನ ಸಾಲಿನಿಂದ ಒಬ್ಬ ಮೇಡಂ, ಅನಾಟಮಿಯ ಪ್ರೊಫೆಸರು, ಸಂಕೋಚದಿಂದ ಹೇಳಿದರು: "ಬಾಡಿ ಬೇಕು ಸರ್. ಮಕ್ಕಳು ಜಾಸ್ತಿ, ಬಾಡಿ ಕಡಿಮೆ."

ಸಭೆ ಮತ್ತೆ ನಕ್ಕಿತು. ನನ್ನವರು ನಗಲಿಲ್ಲ. ಕೂತು, ನನ್ನ ಕಿವಿಯ ಹತ್ತಿರ ಬಾಗಿ, "ಎಂತ ಹೇಳ್ತಿ?" ಎಂದರು.

"ಮೊದಲು ಊಟ ಮಾಡುವ" ಎಂದೆ. ಆದರೆ ಅವರು ಯಾರನ್ನು ನೆನೆಸುತ್ತಿದ್ದರೆಂದು ನನಗೆ ಗೊತ್ತಿತ್ತು.

ನಮ್ಮ ಮೊದಲ ವರ್ಷ ಎರಡೂ ಕೋರ್ಸಿನವರನ್ನು ಒಟ್ಟಿಗೆ ಡಿಸೆಕ್ಷನ್ ಹಾಲಿಗೆ ಕರೆದುಕೊಂಡು ಹೋಗಿದ್ದರು. ಮೇಜಿನ ಮೇಲೆ ಒಬ್ಬ ಗಂಡಸು. ಬಂದರಿನ ಹತ್ತಿರ ಸಿಕ್ಕಿದವನು, ಯಾರೂ ಕೇಳಿಕೊಂಡು ಬರಲಿಲ್ಲ ಎಂದಷ್ಟೇ ಹೇಳಿದರು. ಔಷಧಿಯ ವಾಸನೆಗೆ ಕಣ್ಣು ಉರಿಯುತ್ತಿತ್ತು. ನಾನು ಮುಖ ನೋಡಲಾರದೆ ಕೈ ನೋಡಿದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಚರ್ಮ ದಪ್ಪಗಟ್ಟಿ ಹೊಳೆಯುತ್ತಿತ್ತು, ಹಗ್ಗ ಎಳೆದೆಳೆದು ಆದದ್ದು. ಆ ಕೈಯಲ್ಲೇ ನಾವು ಸೂಜಿ ಚುಚ್ಚುವ ನರ ಯಾವುದು, ಚುಚ್ಚಬಾರದ್ದು ಯಾವುದು ಎಂದು ಕಲಿತೆವು. ಇಡೀ ಆಯುಷ್ಯ ಸಾವಿರಾರು ಕೈಗಳಿಗೆ ಸೂಜಿ ಚುಚ್ಚಿದೆ. ಎಲ್ಲದರ ಕೆಳಗೂ ಆ ಕೈ ಇತ್ತು.

ಮನೆಗೆ ಬರುವಾಗ ಆಟೋದಲ್ಲಿ ಅವರು ಅದನ್ನೇ ಎತ್ತಿದರು. "ಅವನನ್ನು ಯಾರೂ ಕೇಳಲಿಲ್ಲ. ಕೊಡ್ತೀಯಾ ಮಾರಾಯ ಅಂತ ಒಬ್ಬರೂ ಕೇಳಲಿಲ್ಲ. ನಮ್ಮನ್ನು ಕೇಳಿದ್ದಾರೆ. ಇಲ್ಲ ಅಂತ ಹೇಗೆ ಹೇಳುವುದು?"

ನಾನು ಆಟೋದವನಿಗೆ ಕೇಳಬಾರದೆಂದು ಮೆಲ್ಲಗೆ, "ಹೌದು, ಆದರೆ ಅಕ್ಕ" ಎಂದೆ.

"ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅಂತ ಊರೆಲ್ಲ ಹೇಳ್ತದೆ. ನಿಜವಾಗಿ ಕೊಟ್ಟ ಎಮ್ಮೆ ನಾನೊಬ್ಬನೇ ಆಗ್ತೇನೆ."

ಅಕ್ಕ ಹಿಂದಿನ ಜಗಲಿಯಲ್ಲಿ ಬಸಳೆ ಸೋಸುತ್ತಿದ್ದರು. ನನ್ನವರು ಮೋರಿಯ ರಿಪೇರಿಯ ವಿಷಯ ಹೇಳುವಂತೆ ಹೇಳಿಬಿಟ್ಟರು. ಅಕ್ಕ ಎಲೆ ಸೋಸುವುದನ್ನು ನಿಲ್ಲಿಸಲಿಲ್ಲ.

"ಡಾಕ್ಟರ್ ಹೊಟ್ಟೆ ತೋರಿಸು ಅಂದರೆ ಅಂಗಿ ಬಿಚ್ಚದವ ನೀನು. ಈಗ ಮಕ್ಕಳ ಎದುರು ಮಲಗ್ತೀಯಾ?"

"ಆಗ ಜೀವ ಇರ್ತಿತ್ತಲ್ಲ ಅಕ್ಕ, ನಾಚಿಕೆ ಆಗ್ತಿತ್ತು."

"ಅಪ್ಪ ಅಮ್ಮನ ಬದಿಯಲ್ಲಿ ನಿನಗೆ ಜಾಗ ಉಂಟು. ನನಗೂ ಉಂಟು. ಇವಳಿಗೂ ಉಂಟು, ನಾನು ಭೇದ ಮಾಡಿದವಳಲ್ಲ. ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ನಿನಗೆ ಕ್ಯಾಂಡಲ್ ಎಲ್ಲಿ ಹಚ್ಚುವುದು? ಕಾಲೇಜಿನ ಗೇಟಿನಲ್ಲಾ? ವಾಚ್‌ಮನ್ ಬಿಡ್ತಾನಾ?"

ನಾನು ನಡುವೆ ಬಾಯಿ ಹಾಕಿ ಆ ಬಂದರಿನ ಮನುಷ್ಯನ ಕತೆ ಹೇಳಿದೆ. ಅಕ್ಕ ಕೇಳಿಸಿಕೊಂಡರು. ಆಮೇಲೆ ಬುಟ್ಟಿ ಎತ್ತಿಕೊಂಡು ಒಳಗೆ ಹೋಗುತ್ತಾ, "ಅವನಿಗೆ ಯಾರೂ ಇರಲಿಲ್ಲ. ಇವನಿಗೆ ನಾನಿದ್ದೇನೆ" ಎಂದರು. ಆದರೂ ನಾನು ಸೋಲೊಪ್ಪಲಿಲ್ಲ.

ಪಾದ್ರಿಗಳನ್ನು ಕೇಳಿದೆವು. ಧರ್ಮಸಭೆಯ ಅಡ್ಡಿ ಏನೂ ಇಲ್ಲ, ಇಗರ್ಜಿಯಲ್ಲಿ ಬಲಿಪೂಜೆಯ ಪ್ರಾರ್ಥನೆ ಮುಗಿಸಿ ಮೈ ಕೊಡಬಹುದು ಎಂದರು. "ನಿಮ್ಮ ಅಕ್ಕನ ಅಡ್ಡಿಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ" ಎಂದು ನಕ್ಕರು. ಮೈ ಬರೆದುಕೊಡುವ ಕಾಗದಕ್ಕೆ ಸಾಕ್ಷಿ ಹಾಕಲು ಅಕ್ಕ ಒಪ್ಪಲಿಲ್ಲ. ನಮ್ಮ ರಸ್ತೆಯ ತುದಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಬ್ಯಾರಿಯವರು ಪೆನ್ನು ತೆಗೆದರು. "ನಮ್ಮ ಮುಸ್ಲಿಮರಲ್ಲಿ ಇದು ನಡೆಯುವುದಿಲ್ಲ ಬಾಯಮ್ಮ. ಆದರೆ ನೀವು ಸ್ವಂತ ಮನಸ್ಸಿನಿಂದ ಹೇಳಿದ್ದು ನಿಜ ಅಂತ ಸೈ ಹಾಕ್ಲಿಕ್ಕೆ ನನಗೆಂತ ಅಡ್ಡಿ?" ಅವರ ಅಂಗಡಿಯ ಅಕ್ಕಿಮೂಟೆಯ ಮೇಲೆ ಇಟ್ಟೇ ನಾವಿಬ್ಬರೂ ಸಹಿ ಮಾಡಿದೆವು.

ಕಾಲೇಜಿಗೆ ಕೊಡಲು ಹೋದಾಗ ಅನಾಟಮಿ ಮೇಡಂ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿದರು. "ಕಾಗದ ಇದ್ದರೆ ಸಾಕಾಗುವುದಿಲ್ಲ. ಆ ದಿನ ಹತ್ತಿರದವರಲ್ಲಿ ಒಬ್ಬರು ಬೇಡ ಅಂದರೂ ನಾವು ಖಾಲಿ ವ್ಯಾನಿನಲ್ಲಿ ವಾಪಸ್ ಹೋಗ್ತೇವೆ. ಜಗಳ ಮಾಡಿ ತಕ್ಕೊಳ್ಳುವ ವಸ್ತು ಅಲ್ಲ ಇದು." ಎಂದರೆ, ಇತರರ ಫ್ಲ್ಯಾಟು, ಇಡುಗಂಟುಗಳ ಹಾಗೆ ನಮ್ಮದು ರಿಜಿಸ್ಟ್ರಾರರ ಮುದ್ರೆಯಲ್ಲಿ ಭದ್ರವಾಗಿರಲಿಲ್ಲ. ಅಕ್ಕನ ನಾಲಿಗೆಯ ತುದಿಯಲ್ಲಿ ನಿಂತಿತ್ತು.

ಆಮೇಲೆ ಮನೆಯಲ್ಲಿ ಆ ವಿಷಯ ಎತ್ತಿದವರಿಲ್ಲ. ಅಕ್ಕ ಮಾತ್ರ ಊಟಕ್ಕೆ ಕರೆಯುವಾಗ, "ಬಾ, ಮೈ ಸರಿಯಾಗಿ ಬೆಳೆಸು, ಕಾಲೇಜಿನವರಿಗೆ ಕಡಿಮೆ ಬೀಳಬಾರದು" ಎಂದು ತಮ್ಮನ ಬಟ್ಟಲಿಗೆ ಇನ್ನೊಂದು ಸೌಟು ಬಡಿಸುತ್ತಿದ್ದರು. ನನ್ನವರು ನಗುತ್ತಾ ಉಣ್ಣುತ್ತಿದ್ದರು.

ಒಂದು ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಎತ್ತಲಿಲ್ಲ. ಎದೆ ಒತ್ತಿದೆ, ಉಸಿರು ಕೊಟ್ಟೆ. ಕೈಗಳು ತಾವಾಗಿಯೇ ಕೆಲಸ ಮಾಡಿದವು, ಆದರೆ ಮುಗಿದಿದೆ ಎಂಬುದೂ ಆ ಕೈಗಳಿಗೇ ಮೊದಲು ತಿಳಿಯಿತು. ಹತ್ತಿರದ ಡಾಕ್ಟರು ಬಂದು ನೋಡಿ ಬರೆದುಕೊಟ್ಟರು. ಅಕ್ಕ ಅಳಲಿಲ್ಲ. ಬಿಸಿನೀರು ಇಡಲು ಹೇಳಿದರು, ಕಪಾಟಿನಿಂದ ಬಿಳಿ ಅಂಗಿ ತೆಗೆದರು.

ನಾನು ಅವರ ಎದುರೇ ನಿಂತು ಕಾಲೇಜಿಗೆ ಫೋನ್ ಮಾಡಿದೆ. ಕದ್ದು ಮಾಡುವ ಕೆಲಸ ಅದಾಗಿರಲಿಲ್ಲ. ಅಕ್ಕ ತಮ್ಮನ ಅಂಗಿಯ ಗುಂಡಿ ಹಾಕುತ್ತಾ ಕೇಳಿದರು: "ಇಗರ್ಜಿಗೆ ತಕ್ಕೊಂಡು ಹೋಗ್ಲಿಕ್ಕೆ ಬಿಡ್ತಾರಾ?"

"ಬಿಡ್ತಾರೆ. ಪೂಜೆ ಆದ ಮೇಲೆ ವ್ಯಾನ್ ಬರ್ತದೆ."

"ಪೂಜೆ ಆಗ್ಲಿ. ಮತ್ತೆ ನೋಡುವ."

ಆ 'ಮತ್ತೆ ನೋಡುವ' ಎಂಬುದನ್ನು ಎದೆಯಲ್ಲಿಟ್ಟುಕೊಂಡೇ ನಾನು ಇಡೀ ಪೂಜೆ ಕೂತೆ. ಪಾದ್ರಿಗಳು ಏನು ಪ್ರವಚನ ಕೊಟ್ಟರು ಎಂದು ಕೇಳಿದರೆ ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮ ಇಗರ್ಜಿಯ ಬಾಗಿಲಿನಿಂದ ಹೊರಬಂದರೆ ಎಡಕ್ಕೆ ಸಿಮಿತ್ರಿ, ನಮ್ಮವರ ಸಮಾಧಿಗಳಿರುವ ತೋಟ. ನೇರ ಹೋದರೆ ಗೇಟು. ಗೇಟಿನಾಚೆ ಕಾಲೇಜಿನ ಬಿಳಿ ವ್ಯಾನು ನಿಂತಿತ್ತು. ಪೆಟ್ಟಿಗೆ ಹೊತ್ತವರ ಮುಂದೆ ನಮ್ಮ ವಾರ್ಡಿನ ಗುರ್ಕಾರರು ನಡೆಯುತ್ತಿದ್ದರು. ಇಗರ್ಜಿಗೂ ಮನೆಗಳಿಗೂ ನಡುವೆ ಓಡಾಡುವ ಹಿರಿಯರನ್ನು ನಮ್ಮಲ್ಲಿ ಗುರ್ಕಾರ ಎನ್ನುತ್ತಾರೆ. ಅವರು ಕೈ ಎತ್ತಿ, "ಎಡಕ್ಕೆ, ಎಡಕ್ಕೆ" ಎಂದರು.

"ನೇರ" ಎಂದೆ ನಾನು.

ಹೊತ್ತವರು ಹೆಗಲು ಬದಲಿಸಿ ನಿಂತರು. ಹಿಂದೆ ಬರುತ್ತಿದ್ದ ಜನ ಒಬ್ಬರಿಗೊಬ್ಬರು ತಾಗಿ ನಿಂತರು. ಗುರ್ಕಾರರು ನನ್ನ ಹತ್ತಿರ ಬಂದು, ದುಃಖದಲ್ಲಿರುವವಳಿಗೆ ಹೇಳುವ ಸ್ವರದಲ್ಲಿ, "ಬಾಯಮ್ಮ, ಗುಂಡಿ ರೆಡಿ ಉಂಟು. ಗಂಟೆ ಕೇಳಿದ ಕೂಡಲೇ ನಾನೇ ಜನ ಮಾಡಿ ತೋಡಿಸಿದ್ದೇನೆ" ಎಂದರು.

ಅವರ ತಪ್ಪಲ್ಲ ಎನ್ನಬೇಕು. ಅಕ್ಕ ಮರ್ಯಾದೆಗೆ ಅಂಜಿ ಈ ವಿಷಯವನ್ನು ವಾರ್ಡಿನಲ್ಲಿ ಯಾರಿಗೂ ಹೇಳಿರಲಿಲ್ಲ. ಸಾವಿನ ಗಂಟೆ ಬಾರಿಸಿತೆಂದರೆ ಮನೆಯವರಿಗೆ ಕಷ್ಟ ಕೊಡದೆ ಗುಂಡಿ ತೋಡಿಸುವುದು ಗುರ್ಕಾರರ ಅಭ್ಯಾಸ. ಅತ್ತೆ ಮಾವನ ಸಮಾಧಿಯ ಕಲ್ಲು ಸರಿಸಿ, ಬದಿಯಲ್ಲಿ ಕೆಂಪು ಮಣ್ಣು ರಾಶಿ ಹಾಕಿದ್ದು ನಾನು ನಿಂತಲ್ಲಿಗೇ ಕಾಣುತ್ತಿತ್ತು.

"ನಮಗೆ ಗುಂಡಿ ಬೇಡ. ಅವರು ಕಾಲೇಜಿಗೆ ಹೋಗ್ತಾರೆ."

"ಹಾಗೆ ಹೇಳಬೇಡಿ. ತೋಡಿದ ಗುಂಡಿ ಖಾಲಿ ಬಿಟ್ಟರೆ ಅದು ಅದೇ ಮನೆಯಿಂದ ಇನ್ನೊಬ್ಬರನ್ನು ಕರೀತದೆ. ಹಿರಿಯರು ಹೇಳಿದ್ದು."

"ಆ ಮನೆಯಲ್ಲಿ ಇನ್ನು ಇರುವುದು ಇಬ್ಬರು ಮುದುಕಿಯರು. ಕರೆದ ಕೂಡಲೇ ಓಡಿ ಬರ್ಲಿಕ್ಕೆ ನಮಗೇನು ಬೇರೆ ಕೆಲಸ ಇಲ್ಲವಾ?"

ಯಾರೋ ನಕ್ಕು, ತಕ್ಷಣ ಕೆಮ್ಮಿದಂತೆ ಮಾಡಿದರು. ಅಷ್ಟರಲ್ಲಿ ಅನಾಟಮಿ ಮೇಡಂ ಗೇಟಿನಿಂದ ಒಳಗೆ ಬಂದರು. ಪೆಟ್ಟಿಗೆಯ ಎದುರು ಕೈ ಮುಗಿದು, ಯಾರನ್ನು ಕೇಳಬೇಕೆಂದು ತಿಳಿಯದೆ ಎಲ್ಲರನ್ನೂ ನೋಡಿ, "ಮನೆಯವರೆಲ್ಲರ ಒಪ್ಪಿಗೆ ಉಂಟಲ್ಲ?" ಎಂದರು.

ಇಡೀ ಜನ ಅಕ್ಕನ ಕಡೆ ತಿರುಗಿತು. ನಾನೂ ತಿರುಗಿದೆ. ಅವರು ಕಪ್ಪು ಅಂಚಿನ ಸೀರೆಯಲ್ಲಿ, ಕೊಡೆ ಊರಿಕೊಂಡು ನಿಂತಿದ್ದರು. ಅವರು ಬೇಡ ಎಂದರೆ ನಾವಿಬ್ಬರು ಆಟೋದಲ್ಲಿ ಕೂತು ಮಾಡಿದ ತೀರ್ಮಾನ ಅಲ್ಲಿಗೆ ಮುಗಿಯಿತು. ವ್ಯಾನು ಹಿಂದಿರುಗುತ್ತದೆ, ಪೆಟ್ಟಿಗೆ ಎಡಕ್ಕೆ ತಿರುಗುತ್ತದೆ.

ಗುರ್ಕಾರರು ಧೈರ್ಯ ತಂದುಕೊಂಡರು. "ಹೇಳಿ ಟೀಚರ್. ನೀವು ಹಿರಿಯರು, ನಿಮ್ಮ ಒಂದು ಮಾತು ಸಾಕು. ನಿಮಗೆ ಇದೆಲ್ಲ ಆಗ್ಲಿಕ್ಕಿಲ್ಲ ಅಂತ ನನಗೆ ಗೊತ್ತಲ್ಲ."

"ನನಗೆ ಎಂತ ಆಗ್ಲಿಕ್ಕಿಲ್ಲ ಅಂತ ನಿನಗೆ ಹೇಗೆ ಗೊತ್ತು?"

"ಅಲ್ಲ ಟೀಚರ್, ಗಂಟೆ ಆಯ್ತು, ಹಾಗೆ ನಾನು..."

"ಗಂಟೆ ನನಗೆ ಕೇಳ್ಲಿಲ್ಲವಾ? ನನ್ನ ಅಪ್ಪ ಅಮ್ಮ ಮಲಗಿದ ಜಾಗದ ಕಲ್ಲು ಎತ್ತುವ ಮೊದಲು ನನ್ನನ್ನು ಕೇಳಿದೆಯಾ?"

"ಕ್ರಮ ಅಲ್ವಾ ಅದು."

"ಕ್ರಮ ನಿನಗೆ ಕಲಿಸಿದ್ದೇ ನಾನು. ಕೇಳದೆ ಬದಿಯವನ ಪೆನ್ಸಿಲ್ ಮುಟ್ಟಬಾರದು ಅಂತ ಮೂರನೇ ಕ್ಲಾಸಿನಲ್ಲಿ ಹೇಳಿ ಹೇಳಿ ನನ್ನ ಗಂಟಲು ಹೋಗಿದೆ. ಆಗಲೂ ನಿನ್ನ ತಲೆಗೆ ಹೋಗ್ಲಿಲ್ಲ, ಈಗಲೂ ಹೋಗ್ಲಿಲ್ಲ."

ಬೋಳುತಲೆಯ, ಮೊಮ್ಮಕ್ಕಳಿರುವ ಗುರ್ಕಾರರು ಎರಡು ಹೆಜ್ಜೆ ಹಿಂದೆ ಸರಿದರು. ಅಕ್ಕ ಮೇಡಂ ಕಡೆ ನೋಡಿದರು.

"ಅವನನ್ನು ನೀವು ಕೇಳಿದ್ದೀರಿ. ಅವನು ಹೌದು ಅಂದಿದ್ದಾನೆ. ಈಗ ನನ್ನನ್ನೂ ಕೇಳಿದಿರಿ. ಇಷ್ಟು ಜನರಲ್ಲಿ ಕೇಳಿದವರು ನೀವೊಬ್ಬರೇ. ತಕ್ಕೊಂಡು ಹೋಗಿ."

ಸಿಟ್ಟಿನಿಂದ ಬಂದ ಒಪ್ಪಿಗೆ ಅದು. ಪ್ರೀತಿಯಿಂದ ಬಂತು, ಜ್ಞಾನೋದಯವಾಯಿತು ಎಂದೆಲ್ಲ ನಾನು ಬಣ್ಣ ಹಚ್ಚುವುದಿಲ್ಲ. ಸಿಟ್ಟಿನಿಂದ ಬಂದದ್ದಾದರೂ ಗಟ್ಟಿ. ಅಕ್ಕ ಪೆಟ್ಟಿಗೆ ಕೆಳಗಿಳಿಸಲು ಹೇಳಿ, ಮುಚ್ಚಳ ತೆಗೆಸಿ, ತಾನೇ ಸುತ್ತಿದ್ದ ಜಪಸರವನ್ನು ತಮ್ಮನ ಬೆರಳುಗಳಿಂದ ಬಿಡಿಸಿ ತನ್ನ ಚೀಲಕ್ಕೆ ಹಾಕಿಕೊಂಡರು. "ಇದು ಪಾಠಕ್ಕೆ ಬೇಡ" ಎಂದರು. ಪೆಟ್ಟಿಗೆ ನೇರ ಹೋಯಿತು.

ಜನ ಮಾತ್ರ ಕದಲಲಿಲ್ಲ. ನಮ್ಮಲ್ಲಿ ಸಾವಿಗೆ ಬಂದವರು ಒಂದು ಹಿಡಿ ಮಣ್ಣು ಹಾಕದೆ ಮನೆಗೆ ಹೋಗುವುದಿಲ್ಲ. ಹಾಕಲು ಗುಂಡಿ ಉಂಟು, ಗುಂಡಿಯಲ್ಲಿ ಮನುಷ್ಯನಿಲ್ಲ. ಅಕ್ಕ ಕೊಡೆಯಿಂದ ಎಡದಾರಿ ತೋರಿಸಿದರು. "ಬನ್ನಿ. ಮಣ್ಣು ಹಾಕ್ಲಿಕ್ಕೆ ಬಂದವರು ಹಾಕಿಯೇ ಹೋಗಿ. ಗುಂಡಿ ಹೇಗೂ ಮುಚ್ಚಬೇಕಲ್ಲ."

ಹಾಗೆ ನನ್ನ ಗಂಡನ ಸಾವಿಗೆ ಬಂದವರೆಲ್ಲ ಸಾಲಾಗಿ ನಿಂತು ಖಾಲಿ ಗುಂಡಿಗೆ ಮಣ್ಣು ಹಾಕಿದರು. ಗುರ್ಕಾರರು ಅಂಗಿಯ ಕೈ ಮಡಚಿ ಹಾರೆ ಹಿಡಿದರು ಎಂದು ಆಮೇಲೆ ಕೇಳಿದೆ. ನಾನು ನೋಡಲಿಲ್ಲ. ವ್ಯಾನು ತಿರುವು ದಾಟುವವರೆಗೆ ನಾನು ಗೇಟಿನಲ್ಲಿದ್ದೆ.

ಮುಂದಿನ ಸಮಾವೇಶಕ್ಕೂ ಕರೆ ಬಂತು, ಜೋಡಿಗಳ ಸಾಲಿನಲ್ಲೇ ಕುರ್ಚಿ. ಹೋದೆ. ಯಾಕೆ ಹೋಗಬಾರದು? ಅಧ್ಯಕ್ಷರು ನನ್ನ ಬದಿಯ ಖಾಲಿ ಕುರ್ಚಿಯನ್ನು ನೋಡಿ ಕನ್ನಡಕ ಒರೆಸಿಕೊಂಡರು. "ಅವರು ಕೆಳಗಿನ ಮಹಡಿಯಲ್ಲಿದ್ದಾರೆ" ಎಂದೆ. "ಕ್ಲಾಸು ನಡೀತಾ ಉಂಟು."

ಈಗ ಉಳಿದಿರುವುದು ನನ್ನ ಪಾಲು. ಜೋಡಿಯಾಗಿ ಬರೆದುಕೊಟ್ಟದ್ದರಲ್ಲಿ ಅರ್ಧ ಮಾತ್ರ ಸಂದಿದೆ. ಅದಕ್ಕಾಗಿ ಅಕ್ಕನಿಗೂ ನನಗೂ ಹೊಸ ಜಗಳ. ಅಕ್ಕನಿಗೆ ಮಣ್ಣೇ ಬೇಕು, ಅದರಲ್ಲಿ ಬದಲಾವಣೆ ಇಲ್ಲ, ನಾನೂ ಒತ್ತಾಯಿಸಿದವಳಲ್ಲ. ಅವರು ಹೋದಾಗ ಉಡಿಸುವುದು ನಾನೇ ಆಗಬೇಕಂತೆ. ಬೇರೆಯವರಿಗೆ ನೆರಿಗೆ ಹಿಡಿಯಲು ಬರುವುದಿಲ್ಲವಂತೆ. ನಾನು ಮಾತು ಕೊಟ್ಟೆ. ಬದಲಿಗೆ, ನನ್ನ ಸರದಿ ಬಂದಾಗ ಕಾಲೇಜಿಗೆ ಫೋನ್ ಮಾಡುವುದು ನೀವೇ ಎಂದು ಅವರಿಂದ ಮಾತು ತೆಗೆದುಕೊಂಡೆ. ಎರಡೂ ಮಾತು ಆದ ಮೇಲೆ ನಮಗೆ ಹೊಳೆದದ್ದು, ಇವುಗಳಲ್ಲಿ ಒಂದು ಮಾತ್ರ ನಡೆಯುತ್ತದೆ ಎಂದು.

"ಮೊದಲು ಹೋದವರದ್ದು ಆಗ್ತದೆ" ಎಂದರು ಅಕ್ಕ. "ಹಿರಿಯಳು ನಾನು. ಸಾಲಿನಲ್ಲಿ ಎದುರು ಇರುವುದು ನಾನು."

"ಬೀಪಿ ನನಗೆ ಜಾಸ್ತಿ."

"ಮಾತ್ರೆ ಸರಿಯಾಗಿ ತಿಂದರೆ ಬೀಪಿಗೆ ಎಂತ ಆಗ್ತದೆ? ತಿನ್ನು. ನೀನು ಸಾಲು ತಪ್ಪಿಸಿ ನುಗ್ಗಬೇಡ."

ಸಾಲು ತಪ್ಪಿಸುವುದೆಂದರೆ ನನಗೇನೂ ಹೆದರಿಕೆಯಿಲ್ಲ. ಅಕ್ಕ ಮೊದಲು ಹೋದರೆ ನನಗಾಗಿ ಫೋನ್ ಮಾಡಲು ಅಂಗಡಿಯ ಬ್ಯಾರಿಯವರು ಒಪ್ಪಿದ್ದಾರೆ. ನಾನು ಮೊದಲಾದರೆ ಎಂದು ಅಕ್ಕನಿಗೆ ಮೊಬೈಲ್ ಒತ್ತಲು ಕಲಿಸಿದ್ದೇನೆ. ಮೊನ್ನೆ ಮಧ್ಯಾಹ್ನ ಒಗೆದ ಬಟ್ಟೆ ತೆಗೆದುಕೊಂಡು ಒಳಗೆ ಬರುತ್ತೇನೆ, ಅಕ್ಕ ಜಗಲಿಯಲ್ಲಿ ಕೂತು ಫೋನಿನಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದಾರೆ. ಆ ಕಡೆ ಇರುವುದು ಅನಾಟಮಿ ಮೇಡಂ.

"ನಾನು ಟೀಚರ್ ಮಾತಾಡುವುದು, ಮಣ್ಣಗುಡ್ಡದಿಂದ. ಇಲ್ಲ ಇಲ್ಲ, ಅವಳಿಗೆ ಎಂತ ಆಗಲಿಲ್ಲ. ಇಲ್ಲೇ ನನ್ನ ಎದುರು ನಿಂತು ಕಣ್ಣು ಬಿಡ್ತಾ ಇದ್ದಾಳೆ. ನಂಬರು ಸರಿ ಉಂಟಾ ಅಂತ ನೋಡಿದ್ದು."